ಇನ್‌ಫ್ಲುಯೆಂಜಾ ವೈರಸ್ಸಿನ ಸೋಂಕುಶಕ್ತಿಯನ್ನು ಪ್ರಯೋಗಾಲಯದಲ್ಲಿ ಅಳೆಯುವ ಬಗೆ

2021ರಲ್ಲಿ ಕಾಸರಗೋಡು ಜಿಲ್ಲೆಯಿಂದ ಕೇರಳ-ಕರ್ನಾಟಕದ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗಬೇಕಾಗಿದ್ದ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರಿಗೆಲ್ಲ ಆರ್‌ಟಿ-ಪಿಸಿಆರ್ ಎಂಬ ಹೆಸರು ಬಾಯಿಪಾಠವಾಯಿತು. ಆಸ್ಪತ್ರೆಗೆ ಹೋಗುವವರೂ ಕಾಲೇಜಿಗೆ ಹೋಗುವವರೂ ಎಪ್ಪತ್ತೆರಡು ಗಂಟೆಯೊಳಗಿನ ನೆಗೆಟಿವ್ ವರದಿ ಹಿಡಿದು ಚೆಕ್‌ಪೋಸ್ಟಿನಲ್ಲಿ ನಿಲ್ಲಬೇಕಾಗಿತ್ತು. ಆ ದಿನಗಳಿಂದ ಒಂದು ನಂಬಿಕೆ ನಮ್ಮಲ್ಲಿ ಬೇರೂರಿದೆ: ಪರೀಕ್ಷೆ ಪಾಸಿಟಿವ್ ಆದರೆ ಮೈಯಲ್ಲಿ ಹರಡಬಲ್ಲ ವೈರಸ್ ಇದೆ, ನೆಗೆಟಿವ್ ಆದರೆ ಇಲ್ಲ. ವಾಸ್ತವದಲ್ಲಿ ಆ ಪರೀಕ್ಷೆ ಹುಡುಕುವುದು ವೈರಸ್ಸಿನ ವಂಶಸೂಚನೆ ಹೊತ್ತ ಆರ್‌ಎನ್‌ಎಯ ಒಂದು ಸಣ್ಣ ತುಣುಕನ್ನು ಮಾತ್ರ. ಆ ತುಣುಕು ಹೊಸ ಜೀವಕೋಶವನ್ನು ಹೊಕ್ಕು ಸಂತತಿ ಬೆಳೆಸಬಲ್ಲ ಇಡಿಯ ಕಣದ ಒಳಗಿತ್ತೋ ಅಥವಾ ಸತ್ತು ಚೂರಾದ ಕಣದ ಅವಶೇಷವೋ ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ.

ಕೋವಿಡ್ ಬೇರೆ ವಿಷಯ. ಆದರೆ ಮಳೆಗಾಲ ಬಂತೆಂದರೆ ನಮ್ಮ ಕರಾವಳಿಯ ಮನೆಮನೆಗೆ ನುಗ್ಗುವ ಇನ್‌ಫ್ಲುಯೆಂಜಾದ ವಿಷಯದಲ್ಲಿಯೂ ಇದೇ ಪ್ರಶ್ನೆ ಇದೆ, ಮತ್ತು ವೈರಸ್ ವಿಜ್ಞಾನಿಗಳು ಅದಕ್ಕೆ ಉತ್ತರ ಹುಡುಕಲು ತೊಡಗಿದ್ದು ಪಿಸಿಆರ್ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲು. 1933ರಲ್ಲಿ ಲಂಡನ್ನಿನಲ್ಲಿ ಸ್ಮಿತ್, ಆಂಡ್ರೂಸ್ ಮತ್ತು ಲೇಡ್ಲಾ ಎಂಬ ಮೂವರು ರೋಗಿಯ ಗಂಟಲು ತೊಳೆದ ನೀರನ್ನು ಸೋಸಿ ಫೆರೆಟ್ ಎಂಬ ಪ್ರಾಣಿಯ ಮೂಗಿಗೆ ಹಾಕಿ, ಅದಕ್ಕೆ ಜ್ವರ ಬಂದದ್ದನ್ನು ಕಂಡು, ಮನುಷ್ಯರ ಇನ್‌ಫ್ಲುಯೆಂಜಾಕ್ಕೆ ಕಾರಣ ವೈರಸ್ಸೇ ಎಂದು ತೋರಿಸಿದರು. ಅಂದಿನ ಪರೀಕ್ಷೆ ಅಷ್ಟೇ: ಪ್ರಾಣಿಗೆ ಜ್ವರ ಬಂತು ಅಥವಾ ಬರಲಿಲ್ಲ. ಎಷ್ಟು ಎಂಬ ಲೆಕ್ಕ ಅನಂತರ ಬಂದದ್ದು.

ಲೆಕ್ಕ ಯಾಕೆ ಕಷ್ಟ ಎಂಬುದನ್ನು ಮೊದಲು ಹೇಳಬೇಕು. ಬೀಜಕ್ಕೆಂದು ರಾಶಿ ಹಾಕಿದ ತೆಂಗಿನಕಾಯಿಗಳನ್ನು ಎಣಿಸಿದ ಮಾತ್ರಕ್ಕೆ ಅವುಗಳಲ್ಲಿ ಎಷ್ಟು ಮೊಳೆಯುತ್ತವೆ ಎಂಬುದು ತಿಳಿಯುವುದಿಲ್ಲ, ಪಾತಿಯಲ್ಲಿಟ್ಟು ಕಾಯಬೇಕು. ಇನ್‌ಫ್ಲುಯೆಂಜಾ ಕಣಗಳದ್ದೂ ಅದೇ ಸ್ಥಿತಿ, ಇಲ್ಲಿ ಮೊಳೆಯದವುಗಳ ಪಾಲು ಇನ್ನೂ ಬಹಳ ದೊಡ್ಡದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಣಿಸಿದ ಕಣಗಳಲ್ಲಿ ಹತ್ತಕ್ಕೆ ಒಂದು, ಕೆಲವೊಮ್ಮೆ ನೂರಕ್ಕೆ ಒಂದು ಮಾತ್ರ ಜೀವಕೋಶದಲ್ಲಿ ಸಂತತಿ ಬೆಳೆಸುವಲ್ಲಿ ಯಶಸ್ವಿಯಾಗುತ್ತದೆ. ಇದಕ್ಕೆ ಕಾರಣಗಳು ಹಲವು. ಈ ವೈರಸ್ಸಿನ ಆರ್‌ಎನ್‌ಎ ಒಂದೇ ಎಳೆಯಾಗಿರದೆ ಎಂಟು ತುಂಡುಗಳಲ್ಲಿ ಹಂಚಿಹೋಗಿದೆ, ಎಂಟೂ ಕೆಲಸ ಮಾಡಿದರೆ ಮಾತ್ರ ಸಂತತಿ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಇನ್‌ಫ್ಲುಯೆಂಜಾ ಎ ವೈರಸ್ಸಿನ ಬಹುಪಾಲು ಕಣಗಳು ಜೀವಕೋಶವನ್ನು ಹೊಕ್ಕ ಮೇಲೂ ಅಗತ್ಯವಾದ ಒಂದಾದರೂ ಪ್ರೋಟೀನನ್ನು ತಯಾರಿಸಲಾರದೆ ಉಳಿಯುತ್ತವೆ ಎಂದು ತೋರಿಸಿತು. ಇದಲ್ಲದೆ ಬಿಸಿಗೆ ಸಿಕ್ಕಿ ಕೆಟ್ಟವು, ಹೊರಮೈಯ ಪ್ರೋಟೀನು ಸಿದ್ಧವಾಗದೆ ಉಳಿದವು, ಆರ್‌ಎನ್‌ಎ ಮೊಟಕಾದವು, ಹೀಗೆ ಎಲ್ಲವೂ ಒಂದೇ ದ್ರಾವಣದಲ್ಲಿ ಬೆರೆತಿರುತ್ತವೆ.

ಆದ್ದರಿಂದ ಪ್ರಯೋಗಾಲಯದ ವಿಧಾನಗಳೆಲ್ಲ ಎರಡು ಬಗೆಯವು. ಕೆಲವು ವೈರಸ್ಸಿನ ಯಾವುದೋ ಒಂದು ಭಾಗವನ್ನು ಅಳೆಯುತ್ತವೆ, ಇನ್ನು ಕೆಲವು ಅದರ ಕೆಲಸವನ್ನು ಅಳೆಯುತ್ತವೆ. ಸೋಂಕುಶಕ್ತಿ ಎಂಬ ಮಾತು ನಿಜವಾಗಿ ಸಲ್ಲುವುದು ಎರಡನೆಯ ಬಗೆಗೆ ಮಾತ್ರ.

ಮೊದಲ ಬಗೆಯಲ್ಲಿ ಹಳೆಯದೂ ಅಗ್ಗದ್ದೂ ಆದದ್ದು ರಕ್ತಕಣಗಳನ್ನು ಗಂಟುಕಟ್ಟಿಸುವ ಪರೀಕ್ಷೆ. 1941ರಲ್ಲಿ ಅಮೆರಿಕದ ಜಾರ್ಜ್ ಹರ್ಸ್ಟ್, ಸೋಂಕು ತಗುಲಿದ ಕೋಳಿಮೊಟ್ಟೆಯ ದ್ರವಕ್ಕೆ ಭ್ರೂಣದ ರಕ್ತ ಬೆರೆತಾಗ ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಗಮನಿಸಿದರು. ವೈರಸ್ಸಿನ ಹೊರಮೈಯಲ್ಲಿರುವ ಹೆಮಗ್ಲುಟಿನಿನ್ ಎಂಬ ಪ್ರೋಟೀನು ರಕ್ತಕಣದ ಮೇಲಿನ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಯಂಥ ವಸ್ತುವನ್ನು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ಇಂದು ತೊಂಬತ್ತಾರು ಕುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ವೈರಸ್ ದ್ರಾವಣವನ್ನು ಒಂದು ಕುಳಿಯಿಂದ ಇನ್ನೊಂದಕ್ಕೆ ಅರ್ಧರ್ಧ ತೆಳುಮಾಡುತ್ತಾ ಹೋಗಿ, ಪ್ರತಿಯೊಂದಕ್ಕೂ ಕೋಳಿ, ಟರ್ಕಿ ಅಥವಾ ಗಿನಿಯಿಲಿಯ ಕೆಂಪು ರಕ್ತಕಣಗಳನ್ನು ಸೇರಿಸಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಡುತ್ತಾರೆ. ವೈರಸ್ ಸಾಕಷ್ಟು ಇರುವ ಕುಳಿಯಲ್ಲಿ ರಕ್ತಕಣಗಳು ಬಲೆಯಂತೆ ತೆಳುವಾಗಿ ಹರಡಿರುತ್ತವೆ. ಸಾಕಷ್ಟು ಇಲ್ಲದ ಕುಳಿಯಲ್ಲಿ ಅವು ತಳಕ್ಕೆ ಇಳಿದು ಅಂಚು ಚೂಪಾದ ಕೆಂಪು ಚುಕ್ಕೆಯಾಗುತ್ತವೆ. 128 ಪಟ್ಟು ತೆಳುಮಾಡಿದ ಕುಳಿಯವರೆಗೆ ಬಲೆ ಕಂಡು ಮುಂದಿನದರಲ್ಲಿ ಚುಕ್ಕೆ ಕಂಡರೆ ಆ ದ್ರಾವಣದ ಅಂಕ 128.

ಕೆಲಸ ಬೇಗ ಮುಗಿಯುತ್ತದೆ, ಖರ್ಚು ಕಡಿಮೆ. ಆದರೆ ಬಲೆ ಕಟ್ಟಲು ಒಂದು ಕುಳಿಗೆ ಸುಮಾರು ಹತ್ತು ಲಕ್ಷದಿಂದ ಒಂದು ಕೋಟಿ ಕಣಗಳು ಬೇಕು, ಆದ್ದರಿಂದ ಸೂಕ್ಷ್ಮತೆ ಕಡಿಮೆ. ಇದಕ್ಕಿಂತ ದೊಡ್ಡ ಕೊರತೆ ಎಂದರೆ ಫಾರ್ಮಾಲಿನ್ನಿನಿಂದ ಅಥವಾ ಅತಿನೇರಳೆ ಬೆಳಕಿನಿಂದ ಪೂರ್ತಿ ಸಾಯಿಸಿದ ವೈರಸ್ ಕೂಡ ರಕ್ತಕಣಗಳನ್ನು ಅಷ್ಟೇ ಚೆನ್ನಾಗಿ ಹಿಡಿಯಬಲ್ಲದು. ಅಂದರೆ ಈ ಪರೀಕ್ಷೆ ಹೇಳುವುದು ಹಿಡಿಯುವ ಕೈ ಇದೆ ಎಂದಷ್ಟೆ. ಮನುಷ್ಯರಲ್ಲಿ ಹರಡುವ ಇನ್ಫ್ಲುಯೆಂಜಾ ಎಯ ಒಂದು ಬಗೆಯಾದ ಎಚ್3ಎನ್2ರ ಇತ್ತೀಚಿನ ತಳಿಗಳಂತೂ ಕೋಳಿಯ ರಕ್ತಕಣಗಳನ್ನು ಸರಿಯಾಗಿ ಹಿಡಿಯುವುದೂ ಇಲ್ಲ. ಅವುಗಳಿಗೆ ಗಿನಿಯಿಲಿಯ ರಕ್ತ ಬೇಕಾಗುತ್ತದೆ.

ಎರಡನೆಯ ಬಗೆಯಲ್ಲಿ ಪ್ಲಾಕ್ ಪರೀಕ್ಷೆಗೆ ಮೊದಲ ಸ್ಥಾನ ಕೊಡಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇದೊಂದರಲ್ಲಿ ನಾವು ಎಣಿಸುವ ವಸ್ತು ಕಣ್ಣಿಗೆ ಕಾಣುತ್ತದೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್ಸುಗಳ ಮೇಲೆ ಮೊದಲೇ ಬಳಕೆಯಲ್ಲಿದ್ದ ಈ ವಿಧಾನವನ್ನು 1952ರಲ್ಲಿ ರೆನಾಟೊ ಡಲ್ಬೆಕೊ ಪ್ರಾಣಿಗಳ ವೈರಸ್ಸಿಗೆ ಒಗ್ಗಿಸಿದರು. ಇನ್‌ಫ್ಲುಯೆಂಜಾಕ್ಕೆ ಇಂದು ಬಳಸುವುದು ಎಂಡಿಸಿಕೆ ಎಂಬ ಜೀವಕೋಶಗಳನ್ನು. 1958ರಲ್ಲಿ ಮ್ಯಾಡಿನ್ ಮತ್ತು ಡಾರ್ಬಿ ಎಂಬವರು ಒಂದು ಕಾಕರ್ ಸ್ಪ್ಯಾನಿಯಲ್ ನಾಯಿಯ ಮೂತ್ರಪಿಂಡದಿಂದ ಬೇರ್ಪಡಿಸಿದ ಕೋಶಗಳ ವಂಶವದು. ಮನುಷ್ಯನ ಜ್ವರದ ಅಳತೆಗೆ ನಾಯಿಯ ಮೂತ್ರಪಿಂಡವೇ ಆಗಬೇಕಾಗಿ ಬಂದದ್ದು ವಿಚಿತ್ರವೆನಿಸಿದರೂ, ಈ ಕೋಶಗಳಷ್ಟು ಧಾರಾಳವಾಗಿ ಇನ್‌ಫ್ಲುಯೆಂಜಾವನ್ನು ಬೆಳೆಯಗೊಡುವ ಕೋಶಗಳು ಕಡಿಮೆ.

ಆರು ಕುಳಿಗಳ ತಟ್ಟೆಯಲ್ಲಿ ಈ ಕೋಶಗಳು ತಳಕ್ಕೆ ಅಂಟಿಕೊಂಡು, ಎಡೆಯಿಲ್ಲದ ಒಂದೇ ಪದರವಾಗಿ ಬೆಳೆದಿರಬೇಕು. ಅವುಗಳ ಪೋಷಣೆಗೆ ಬಳಸಿದ, ಪ್ರಾಣಿರಕ್ತದ ತಿಳಿಯಾದ ಸೀರಂ ಒಂದಿಷ್ಟೂ ಉಳಿಯದಂತೆ ಉಪ್ಪಿನ ದ್ರಾವಣದಿಂದ ಎರಡು ಮೂರು ಬಾರಿ ತೊಳೆಯಬೇಕು. ಇದರ ಕಾರಣ ಮುಂದೆ ಬರುತ್ತದೆ. ವೈರಸ್ ದ್ರಾವಣವನ್ನು ಹತ್ತರಲ್ಲೊಂದು, ನೂರರಲ್ಲೊಂದು, ಸಾವಿರದಲ್ಲೊಂದು ಎಂದು ತೆಳುಮಾಡುತ್ತಾ ಹೋಗಿ, ಒಂದೊಂದರ ಸ್ವಲ್ಪ ಪಾಲನ್ನು ಒಂದೊಂದು ಕುಳಿಗೆ ಹಾಕುತ್ತಾರೆ. ಒಂದು ಗಂಟೆಯ ಕಾಲ, ಪದರ ಒಣಗದಂತೆ ಆಗಾಗ ತಟ್ಟೆಯನ್ನು ಮೆಲ್ಲಗೆ ವಾಲಿಸುತ್ತಾ, ವೈರಸ್ ಕೋಶಕ್ಕೆ ಅಂಟಲು ಬಿಡುತ್ತಾರೆ. ಆಮೇಲೆ ದ್ರವವನ್ನು ತೆಗೆದು, ಅಗರೋಸ್ ಎಂಬ ಜೆಲ್ಲಿಯಂಥ ವಸ್ತು ಬೆರೆಸಿದ ಬೆಚ್ಚಗಿನ ಪೋಷಕವನ್ನು ಮೇಲಿನಿಂದ ಸುರಿಯುತ್ತಾರೆ. ಅದು ತಣಿದು ಗಟ್ಟಿಯಾಗುತ್ತದೆ. ಇಡೀ ವಿಧಾನದ ಜೀವಾಳ ಇಲ್ಲಿದೆ: ಒಂದು ಕೋಶದಿಂದ ಹೊರಬಿದ್ದ ಹೊಸ ಕಣಗಳು ಈ ಗಟ್ಟಿ ಪದರದಲ್ಲಿ ದೂರಕ್ಕೆ ತೇಲಲಾರದೆ ಪಕ್ಕದ ಕೋಶಗಳನ್ನಷ್ಟೇ ಹೊಗುತ್ತವೆ, ಅವು ಸತ್ತು ಅವುಗಳ ಪಕ್ಕದವು, ಹೀಗೆ ಎರಡು ಮೂರು ದಿನಗಳಲ್ಲಿ ಒಂದೇ ಕಣದಿಂದ ಆರಂಭವಾದ ಸೋಂಕು ಸುತ್ತಲೂ ಹಬ್ಬಿ ಒಂದು ತೂತಾಗುತ್ತದೆ. ಕೊನೆಗೆ ಫಾರ್ಮಾಲಿನ್ ಹಾಕಿ, ಅಗರೋಸನ್ನು ಕಿತ್ತು, ಕ್ರಿಸ್ಟಲ್ ವಯಲೆಟ್ ಬಣ್ಣ ಬಳಿದರೆ ಬದುಕಿದ ಕೋಶಗಳ ಪದರ ಗಾಢ ನೇರಳೆಯಾಗಿ, ಸೋಂಕು ಹಬ್ಬಿದ ಜಾಗಗಳು ಬಣ್ಣವಿಲ್ಲದ ವೃತ್ತಗಳಾಗಿ ಕಾಣುತ್ತವೆ. ಅವೇ ಪ್ಲಾಕುಗಳು.

ಲೆಕ್ಕ ಸರಳ. ಲಕ್ಷದಲ್ಲೊಂದು ಪಾಲಾಗಿ ತೆಳುಮಾಡಿದ ದ್ರಾವಣದ 0.2 ಮಿಲಿಲೀಟರ್ ಹಾಕಿದ ಕುಳಿಯಲ್ಲಿ 42 ಪ್ಲಾಕುಗಳು ಕಂಡವು ಎಂದಿಟ್ಟುಕೊಳ್ಳೋಣ. ಒಂದು ಮಿಲಿಲೀಟರಿಗೆ 210, ಅದರ ಲಕ್ಷ ಪಟ್ಟು ಎಂದರೆ ಮೂಲ ದ್ರಾವಣದ ಪ್ರತಿ ಮಿಲಿಲೀಟರಿನಲ್ಲಿ 2 ಕೋಟಿ 10 ಲಕ್ಷ ಪ್ಲಾಕ್ ಕಟ್ಟುವ ಘಟಕಗಳು, ಪ್ರಯೋಗಾಲಯದ ಭಾಷೆಯಲ್ಲಿ ಪಿಎಫ್‌ಯು. ಎಣಿಕೆ 42 ಇದ್ದಾಗ ಬರಿಯ ಅದೃಷ್ಟದಿಂದ ಆಗಬಹುದಾದ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ ಸುಮಾರು ಆರೂವರೆ, ಶೇಕಡಾ ಹದಿನೈದು. ಮೂರೋ ನಾಲ್ಕೋ ಪ್ಲಾಕುಗಳಿರುವ ಕುಳಿಯ ಮೇಲೆ ಯಾರೂ ಭರವಸೆ ಇಡದಿರುವುದು ಇದೇ ಕಾರಣದಿಂದ. ಇನ್ನೂರಕ್ಕೂ ಹೆಚ್ಚು ಇದ್ದಲ್ಲಿ ಅವು ಒಂದರೊಳಗೊಂದು ಬೆರೆತು ಎಣಿಕೆಗೇ ಸಿಗುವುದಿಲ್ಲ. ಇನ್ನೊಂದು ವಿಷಯವನ್ನೂ ಈ ತಟ್ಟೆ ಹೇಳುತ್ತದೆ. ದ್ರಾವಣವನ್ನು ಅರ್ಧಕ್ಕೆ ತೆಳುಮಾಡಿದರೆ ಪ್ಲಾಕುಗಳೂ ಅರ್ಧಕ್ಕಿಳಿಯುತ್ತವೆ. ಒಂದು ಪ್ಲಾಕ್ ಹುಟ್ಟಲು ಎರಡು ಕಣಗಳು ಒಂದೇ ಕೋಶದಲ್ಲಿ ಕೂಡಬೇಕಾಗಿದ್ದರೆ ಅವು ಅರ್ಧಕ್ಕಲ್ಲ, ಕಾಲು ಪಾಲಿಗೆ ಇಳಿಯುತ್ತಿದ್ದವು. ಆದ್ದರಿಂದ ಸರಿಯಾದ ಒಂದೇ ಕಣ ಸಾಕು ಎಂಬುದಕ್ಕೆ ಈ ಇಳಿಕೆಯೇ ಪುರಾವೆ.

ಇನ್ನು ಸೀರಂ ತೊಳೆಯುವ ವಿಷಯ. ಹೆಮಗ್ಲುಟಿನಿನ್ ಕೋಶದಲ್ಲಿ ತಯಾರಾಗುವಾಗ ಒಂದೇ ಉದ್ದದ ಸರಪಳಿಯಾಗಿರುತ್ತದೆ. ಅದನ್ನು ಯಾವುದಾದರೂ ಕಿಣ್ವ ಒಂದು ನಿರ್ದಿಷ್ಟ ಜಾಗದಲ್ಲಿ ಕತ್ತರಿಸಿ ಎರಡು ತುಂಡು ಮಾಡಿದರೆ ಮಾತ್ರ ವೈರಸ್ ಮುಂದಿನ ಕೋಶದ ಪೊರೆಯೊಡನೆ ಬೆಸೆದುಕೊಳ್ಳಬಲ್ಲದು. ನಮ್ಮ ಶ್ವಾಸನಾಳದಲ್ಲಿ ಆ ಕೆಲಸಕ್ಕೆ ಕಿಣ್ವಗಳಿವೆ, ತಟ್ಟೆಯ ಎಂಡಿಸಿಕೆ ಕೋಶಗಳಲ್ಲಿ ಸಾಕಷ್ಟು ಇಲ್ಲ. ಹಾಗಾಗಿ ಅಗರೋಸಿನೊಡನೆ ಪ್ರೋಟೀನು ಕತ್ತರಿಸುವ ಕಿಣ್ವವಾದ ಟ್ರಿಪ್ಸಿನ್ನನ್ನು ಮಿಲಿಲೀಟರಿಗೆ ಸುಮಾರು ಒಂದು ಮೈಕ್ರೋಗ್ರಾಮಿನಷ್ಟು ಬೆರೆಸುತ್ತಾರೆ. ಸೀರಂ ಉಳಿದಿದ್ದರೆ ಅದರಲ್ಲಿರುವ ಪ್ರತಿರೋಧಕಗಳು ಟ್ರಿಪ್ಸಿನ್ನನ್ನು ಕಟ್ಟಿಹಾಕುತ್ತವೆ, ಪ್ಲಾಕ್ ಒಂದೂ ಕಾಣುವುದಿಲ್ಲ, ಮತ್ತು ವೈರಸ್ಸೇ ಇಲ್ಲವೆಂದು ತಪ್ಪು ತಿಳಿಯಬೇಕಾಗುತ್ತದೆ. ಟ್ರಿಪ್ಸಿನ್ ಹೆಚ್ಚಾದರೆ ಕೋಶಗಳ ಪದರವೇ ತಟ್ಟೆಯಿಂದ ಕಳಚಿ ಬರುತ್ತದೆ. ಕತ್ತರಿಸಲು ಕಿಣ್ವ ಬೇಕೆಂಬ ಈ ಗುಣ ಇನ್ನೊಂದು ಕಡೆ ಉಪಯೋಗಕ್ಕೆ ಬಂದಿದೆ: ಕೋಳಿ, ಬಾತುಗಳನ್ನು ರಾಶಿರಾಶಿಯಾಗಿ ಕೊಲ್ಲುವ ಎಚ್5 ಮತ್ತು ಎಚ್7 ತಳಿಗಳ ಹೆಮಗ್ಲುಟಿನಿನ್ನನ್ನು ಬಹುತೇಕ ಎಲ್ಲ ಕೋಶಗಳಲ್ಲೂ ಇರುವ ಫ್ಯೂರಿನ್ ಎಂಬ ಕಿಣ್ವವೇ ಕತ್ತರಿಸಬಲ್ಲದು, ಆದ್ದರಿಂದ ಅವು ಟ್ರಿಪ್ಸಿನ್ ಇಲ್ಲದೆಯೂ ಪ್ಲಾಕ್ ಕಟ್ಟುತ್ತವೆ. 2014ರಲ್ಲಿ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳ ಬಾತುಕೋಳಿಗಳಲ್ಲಿ ಕಾಣಿಸಿಕೊಂಡು, ಭೋಪಾಲದ ಪ್ರಯೋಗಾಲಯದಲ್ಲಿ ಖಚಿತಪಟ್ಟ ಎಚ್5ಎನ್1 ಆ ಗುಂಪಿನದು. ಅಂಥವನ್ನು ಸಾಮಾನ್ಯ ಪ್ರಯೋಗಾಲಯದಲ್ಲಿ ಬೆಳೆಸುವಂತಿಲ್ಲ, ಜೈವಿಕ ಸುರಕ್ಷತೆಯ ಮೂರನೆಯ ಹಂತದ ಕೊಠಡಿಯೇ ಬೇಕು.

ಎಲ್ಲ ತಳಿಗಳೂ ಎಣಿಸಬಹುದಾದ ಪ್ಲಾಕ್ ಕಟ್ಟುವುದಿಲ್ಲ. ಅಂಥಲ್ಲಿ ಎಣಿಕೆಯ ಬದಲು ಹೌದು ಅಥವಾ ಅಲ್ಲ ಎಂಬ ಉತ್ತರದ ಮೇಲೆ ಕಟ್ಟಿದ ವಿಧಾನವಿದೆ. ತೊಂಬತ್ತಾರು ಕುಳಿಗಳ ತಟ್ಟೆಯಲ್ಲಿ ಕೋಶಗಳನ್ನು ಬೆಳೆಸಿ, ತೆಳುಮಾಡಿದ ಪ್ರತಿ ಹಂತದ ದ್ರಾವಣವನ್ನು ಎಂಟು ಕುಳಿಗಳಿಗೆ ಹಾಕಿ, ಮೂರರಿಂದ ಐದು ದಿನ ಬಿಟ್ಟು, ಕೋಶಗಳು ಉದುರಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅನುಮಾನವಿದ್ದರೆ ಮೇಲಿನ ದ್ರವವನ್ನು ರಕ್ತಕಣಗಳೊಡನೆ ಪರೀಕ್ಷಿಸುತ್ತಾರೆ. ಅರ್ಧದಷ್ಟು ಕುಳಿಗಳಿಗೆ ಸೋಂಕು ತಗುಲಿಸಬಲ್ಲ ಪ್ರಮಾಣಕ್ಕೆ ಟಿಸಿಐಡಿ50 ಎಂದು ಹೆಸರು. ಸರಿಯಾಗಿ ಅರ್ಧ ಕುಳಿಗಳು ಸೋಂಕಾಗುವ ಹಂತ ತಟ್ಟೆಯಲ್ಲಿ ಸಿಗುವುದು ಅಪರೂಪವಾದ್ದರಿಂದ ಅದನ್ನು ಗಣಿತದಿಂದ ಹುಡುಕಬೇಕು. 1938ರಲ್ಲಿ ರೀಡ್ ಮತ್ತು ಮ್ಯೂಂಚ್ ಕೊಟ್ಟ ವಿಧಾನ ಇನ್ನೂ ಬಳಕೆಯಲ್ಲಿದೆ, ಸ್ಪಿಯರ್‌ಮನ್ ಮತ್ತು ಕಾರ್ಬರ್ ಹೆಸರಿನ ವಿಧಾನ ಅದಕ್ಕಿಂತ ಸರಳ.

ಒಂದು ಉದಾಹರಣೆ ನೋಡೋಣ. ಲಕ್ಷದಲ್ಲೊಂದು ಪಾಲಿನ ಎಂಟಕ್ಕೆ ಎಂಟು ಕುಳಿಗಳೂ, ಹತ್ತು ಲಕ್ಷದಲ್ಲೊಂದು ಪಾಲಿನ ಎಂಟರಲ್ಲಿ ಐದೂ, ಕೋಟಿಯಲ್ಲೊಂದು ಪಾಲಿನ ಎಂಟರಲ್ಲಿ ಒಂದೂ ಸೋಂಕಾಗಿ, ಅದರಾಚೆ ಯಾವುದೂ ಆಗಿಲ್ಲ. ಎಲ್ಲ ಕುಳಿಗಳೂ ಸೋಂಕಾದ ಕೊನೆಯ ಹಂತ ಲಕ್ಷ, ಅಂದರೆ ಒಂದರ ಮುಂದೆ ಐದು ಸೊನ್ನೆ; ಆ ಐದರಿಂದ ಅರ್ಧ ಕಳೆದು, ಆ ಹಂತದಿಂದ ಮುಂದಿನ ಪಾಲುಗಳನ್ನು ಕೂಡಿಸಬೇಕು. ಒಂದು, 0.625 ಮತ್ತು 0.125 ಸೇರಿ 1.75. ಇದನ್ನು ನಾಲ್ಕೂವರೆಗೆ ಕೂಡಿಸಿದರೆ ಉತ್ತರ 6.25, ಅಂದರೆ ಕುಳಿಗೆ ಹಾಕಿದ ಪ್ರಮಾಣದಲ್ಲಿ 10ರ 6.25ನೆಯ ಘಾತದಷ್ಟು. ಕುಳಿಯೊಂದಕ್ಕೆ ಹಾಕಿದ್ದು 0.1 ಮಿಲಿಲೀಟರ್ ಆದರೆ ಮಿಲಿಲೀಟರಿಗೆ 10ರ 7.25ನೆಯ ಘಾತ, ಸುಮಾರು 1 ಕೋಟಿ 78 ಲಕ್ಷ ಟಿಸಿಐಡಿ50. ಇದನ್ನು ಪಿಎಫ್‌ಯು ಜೊತೆ ಹೋಲಿಸುವಾಗ 0.69ರಿಂದ ಗುಣಿಸುವ ರೂಢಿಯಿದೆ. ಆ ಅಂಕಿ ಆಕಾಶದಿಂದ ಇಳಿದದ್ದಲ್ಲ. ಕುಳಿಗೊಂದರಂತೆ ಸರಾಸರಿ ಒಂದು ಸೋಂಕುಕಾರಕ ಕಣ ಹಂಚಿದಾಗಲೂ ಕೆಲವು ಕುಳಿಗಳಿಗೆ ಎರಡು ಮೂರು ಬಿದ್ದು, ಸುಮಾರು ಶೇಕಡಾ 37ರಷ್ಟು ಕುಳಿಗಳು ಖಾಲಿ ಉಳಿಯುತ್ತವೆ. ಸರಿಯಾಗಿ ಅರ್ಧ ಕುಳಿಗಳು ಖಾಲಿ ಉಳಿಯಬೇಕಾದರೆ ಸರಾಸರಿ 0.69 ಇರಬೇಕು. ನಮ್ಮ ಉದಾಹರಣೆಗೆ ಇದು ಸುಮಾರು 1 ಕೋಟಿ 20 ಲಕ್ಷ ಪಿಎಫ್‌ಯು ಎಂದಾಗುತ್ತದೆ. ಆದರೆ ಎರಡು ವಿಧಾನಗಳ ಕೋಶ, ಸಮಯ, ಟ್ರಿಪ್ಸಿನ್ ಎಲ್ಲವೂ ಒಂದೇ ಆಗಿದ್ದಾಗ ಮಾತ್ರ ಈ ಗುಣಾಕಾರಕ್ಕೆ ಅರ್ಥ. ಬೇರೆ ಬೇರೆ ಪ್ರಯೋಗಾಲಯಗಳ ಅಂಕಿಗಳನ್ನು ಹೀಗೆ ಗುಣಿಸಿ ಹೋಲಿಸುವುದನ್ನು ನೋಡಿದಾಗ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದೇ ಒಳಿತು.

ಇದೇ ಹೌದು-ಅಲ್ಲ ಲೆಕ್ಕವನ್ನು ಕೋಳಿಮೊಟ್ಟೆಯಲ್ಲಿ ಮಾಡಿದರೆ ಅದು ಇಐಡಿ50. ಅಂಗಡಿಯ ಮೊಟ್ಟೆ ಇದಕ್ಕೆ ಬಾರದು, ಏಕೆಂದರೆ ಅದರಲ್ಲಿ ಭ್ರೂಣವಿಲ್ಲ. ಫಲಿತ ಮೊಟ್ಟೆಯನ್ನು ಒಂಬತ್ತರಿಂದ ಹನ್ನೊಂದು ದಿನ ಕಾವು ಕೊಟ್ಟು, ಕತ್ತಲೆಯಲ್ಲಿ ದೀಪಕ್ಕೆ ಹಿಡಿದು ರಕ್ತನಾಳ ಮತ್ತು ಭ್ರೂಣದ ಚಲನೆ ನೋಡಿ, ಚಿಪ್ಪಿನಲ್ಲಿ ಸಣ್ಣ ತೂತು ಕೊರೆದು ಅಲಾಂಟಾಯಿಕ್ ಕುಹರಕ್ಕೆ, ಅಂದರೆ ಭ್ರೂಣದ ಸುತ್ತಲಿನ ದ್ರವ ತುಂಬಿದ ಚೀಲಕ್ಕೆ, ವೈರಸ್ ಚುಚ್ಚುತ್ತಾರೆ. ಎರಡು ಮೂರು ದಿನದ ನಂತರ ಮೊಟ್ಟೆಯನ್ನು ತಣ್ಣಗಾಗಿಸಿ ದ್ರವ ತೆಗೆದು ರಕ್ತಕಣ ಪರೀಕ್ಷೆ ಮಾಡಿದರೆ ಆ ಮೊಟ್ಟೆಗೆ ಸೋಂಕು ತಗುಲಿತೋ ಇಲ್ಲವೋ ತಿಳಿಯುತ್ತದೆ. ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಈ ದಾರಿಯನ್ನು ಹಸನು ಮಾಡಿದವರಲ್ಲಿ ಪ್ರಮುಖರು. ತೊಂದರೆ ಎಂದರೆ ಅಲಾಂಟಾಯಿಕ್ ಪೊರೆಯ ಸಿಯಾಲಿಕ್ ಆಮ್ಲದ ಜೋಡಣೆ ಹಕ್ಕಿಗಳ ವೈರಸ್ಸಿಗೆ ಹೊಂದುವಂಥದ್ದು, ಮನುಷ್ಯರ ವೈರಸ್ ಬಯಸುವ ಜೋಡಣೆ ಬೇರೆ. ಆದ್ದರಿಂದ ರೋಗಿಯಿಂದ ನೇರವಾಗಿ ಬಂದ ತಳಿ ಮೊಟ್ಟೆಯಲ್ಲಿ ಬೆಳೆಯಲು ತಡಕಾಡುತ್ತದೆ, ಬೆಳೆದರೆ ಹೆಮಗ್ಲುಟಿನಿನ್ ಸ್ವಲ್ಪ ಬದಲಾಗಿರುತ್ತದೆ. ಅಳೆಯುವ ಪಾತ್ರೆಯೇ ಅಳೆಯಬೇಕಾದ ವಸ್ತುವನ್ನು ತಿದ್ದಿಬಿಡುವ ಸಂದರ್ಭವಿದು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 2010ರಲ್ಲಿ ಹೊರತಂದ, ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆಯ ಪ್ರಮಾಣವನ್ನು ಇಐಡಿ50ಯಲ್ಲಿಯೇ ಹೇಳುತ್ತಾರೆ.

ಅಮೆರಿಕದ ಫ್ಲೂಮಿಸ್ಟ್ ಎಂಬ ಅದೇ ಬಗೆಯ ಲಸಿಕೆಯ ಪೊಟ್ಟಣದ ಮೇಲೆ ಇನ್ನೊಂದು ಘಟಕ ಕಾಣುತ್ತದೆ, ಎಫ್‌ಎಫ್‌ಯು. ಇಲ್ಲಿ ಕೋಶಗಳು ಸಾಯುವವರೆಗೆ ಕಾಯುವುದಿಲ್ಲ. ವೈರಸ್ಸಿನ ಪ್ರೋಟೀನಿಗೆ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನೋ ಬಣ್ಣ ಹುಟ್ಟಿಸುವ ಕಿಣ್ವವನ್ನೋ ಜೋಡಿಸಿ, ಸೋಂಕು ಹೊಕ್ಕ ಕೋಶಗಳನ್ನು ಬೆಳಗಿಸಿ ಎಣಿಸುತ್ತಾರೆ. ಒಂದು ದಿನದೊಳಗೆ ಫಲಿತಾಂಶ ಸಿಗುತ್ತದೆ, ಪ್ಲಾಕ್ ಕಟ್ಟದ ತಳಿಗಳೂ ಸಿಕ್ಕಿಬೀಳುತ್ತವೆ.

ಭಾಗದ ಅಳತೆ ಮತ್ತು ಕೆಲಸದ ಅಳತೆ ಎಷ್ಟು ದೂರ ಸರಿಯಬಲ್ಲವು ಎಂಬುದಕ್ಕೆ ಡೆನ್ಮಾರ್ಕಿನ ಪ್ರೆಬೆನ್ ಫಾನ್ ಮಾಗ್ನುಸ್ ಅವರ ಪ್ರಯೋಗಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ವೈರಸ್ಸನ್ನು ತೆಳುಮಾಡದೆ ಒಂದು ಮೊಟ್ಟೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋದಾಗ ರಕ್ತಕಣ ಪರೀಕ್ಷೆಯ ಅಂಕ ಹೆಚ್ಚೇನೂ ಇಳಿಯಲಿಲ್ಲ, ಆದರೆ ಸೋಂಕುಶಕ್ತಿ ಭಾರಿ ಪ್ರಮಾಣದಲ್ಲಿ ಕುಸಿಯಿತು. ದಟ್ಟವಾಗಿ ಸೋಂಕಾದ ಕೋಶದಲ್ಲಿ ಆರ್‌ಎನ್‌ಎ ಮೊಟಕಾದ ದೋಷಪೂರ್ಣ ಕಣಗಳು ಹುಟ್ಟಿ, ಪೂರ್ಣ ಕಣಗಳ ನಕಲು ಕಾರ್ಯಕ್ಕೆ ಅಡ್ಡಬರುವುದು ಇದರ ಕಾರಣವೆಂದು ಆಮೇಲೆ ತಿಳಿಯಿತು. ಈ ಕಾರಣಕ್ಕಾಗಿಯೇ ಇಂದಿಗೂ ವೈರಸ್ ದಾಸ್ತಾನು ಬೆಳೆಸುವವರು ಕೋಶಗಳ ಸಂಖ್ಯೆಗಿಂತ ಬಹಳ ಕಡಿಮೆ ವೈರಸ್ಸಿನಿಂದ ಆರಂಭಿಸುತ್ತಾರೆ.

ಪಿಸಿಆರ್‌ನ ಸಿಟಿ ಅಂಕಿಯನ್ನು, ಅಂದರೆ ಎಷ್ಟು ಸುತ್ತು ನಕಲು ಮಾಡಿದ ಮೇಲೆ ವೈರಸ್ಸಿನ ಗುರುತು ಸಿಕ್ಕಿತು ಎಂಬ ಎಣಿಕೆಯನ್ನು, ಓದುವಾಗಲೂ ಇದು ನೆನಪಿರಬೇಕು. ಸಿಟಿ ಸುಮಾರು 3.3ರಷ್ಟು ಏರಿದರೆ ಆರ್‌ಎನ್‌ಎ ಹತ್ತು ಪಟ್ಟು ಕಡಿಮೆಯಾಯಿತೆಂದು ಅರ್ಥ. ಮೊಟಕಾದ ಕಣ, ಬಿಸಿಗೆ ಸತ್ತ ಕಣ, ರೋಗಿ ಗುಣವಾಗುತ್ತಿರುವಾಗ ಉಳಿದ ಚೂರು, ಎಲ್ಲವೂ ಆ ಲೆಕ್ಕದಲ್ಲಿ ಸೇರಿರುತ್ತವೆ. ಕಡಿಮೆ ಸಿಟಿ ಇದ್ದ ಮಾದರಿಯಿಂದ ವೈರಸ್ ಬೆಳೆಯುವ ಸಾಧ್ಯತೆ ಹೆಚ್ಚು ಎನ್ನಬಹುದು, ಅದಕ್ಕಿಂತ ಹೆಚ್ಚೇನೂ ಹೇಳಲಾಗದು. ಹಾಗಿದ್ದರೂ ರೋಗಿಯ ಚಿಕಿತ್ಸೆಗೆ ಪಿಸಿಆರ್ ಸಾಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಾಲ್ಕು ದಿನ ಕಾದು ಪ್ಲಾಕ್ ಎಣಿಸುವಷ್ಟರಲ್ಲಿ ಜ್ವರವೇ ಬಿಟ್ಟಿರುತ್ತದೆ. ಸೋಂಕುಶಕ್ತಿಯ ಅಳತೆ ಬೇಕಾಗುವುದು ಔಷಧ ವೈರಸ್ಸನ್ನು ತಡೆಯುತ್ತದೆಯೇ, ಲಸಿಕೆ ಪಡೆದವರ ರಕ್ತದ ಪ್ರತಿಕಾಯ ಅದನ್ನು ನಿಷ್ಕ್ರಿಯಗೊಳಿಸುತ್ತದೆಯೇ, ಸೋಪು ಅಥವಾ ಸ್ಯಾನಿಟೈಸರ್ ಅದನ್ನು ಎಷ್ಟು ಪಟ್ಟು ಇಳಿಸುತ್ತದೆ ಎಂಬಂಥ ಪ್ರಶ್ನೆಗಳಿಗೆ.

ಇಂಥ ಅಳತೆಗೆ ಮಾದರಿಯನ್ನು ಜೀವಂತವಾಗಿ ತಲಪಿಸುವುದು ಕಾಸರಗೋಡಿನಂಥ ತುದಿ ಜಿಲ್ಲೆಗೆ ಸುಲಭವಲ್ಲ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ 2020ರಲ್ಲಿ ಕೋವಿಡ್ ಪಿಸಿಆರ್ ನಡೆದದ್ದು ನಮಗೆ ಗೊತ್ತಿದೆ. ರಾಷ್ಟ್ರೀಯ ವೈರಾಣು ಸಂಸ್ಥೆಯ ಕೇರಳದ ಘಟಕವಿರುವುದು ಆಲಪ್ಪುಳದಲ್ಲಿ, ನಾನೂರು ಕಿಲೋಮೀಟರಿಗೂ ಆಚೆ. ಮಣಿಪಾಲದ ವೈರಾಣು ಸಂಸ್ಥೆ ಹತ್ತಿರವಾದರೂ ರಾಜ್ಯದ ಗಡಿಯಾಚೆ. ಗಂಟಲ ದ್ರವವನ್ನು ವಿಶೇಷ ಪೋಷಕ ದ್ರಾವಣದಲ್ಲಿ ಮುಳುಗಿಸಿ, 2ರಿಂದ 8 ಡಿಗ್ರಿ ತಂಪಿನಲ್ಲಿಟ್ಟು ಎರಡು ಮೂರು ದಿನಗಳೊಳಗೆ ತಲಪಿಸಬೇಕು, ತಡವಾಗುವುದಾದರೆ ಮೈನಸ್ 70 ಡಿಗ್ರಿಗೆ ಇಳಿಸಬೇಕು. ಮನೆಯ ಫ್ರೀಜರಿನ ಮೈನಸ್ 20 ಡಿಗ್ರಿ ಎರಡಕ್ಕೂ ಸಲ್ಲದು, ಅಲ್ಲಿ ಸೋಂಕುಶಕ್ತಿ ಬೇಗ ಕಳೆದುಹೋಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಐಸ್ ಕರಗಿದ ಪೆಟ್ಟಿಗೆಯೊಳಗಿನ ಮಾದರಿ ಪಿಸಿಆರ್‌ನಲ್ಲಿ ಪಾಸಿಟಿವ್ ಬಂದು, ಕೋಶಗಳ ತಟ್ಟೆಯಲ್ಲಿ ಏನೂ ಬೆಳೆಯದಿದ್ದರೆ ಎರಡು ಪರೀಕ್ಷೆಗಳೂ ಸರಿಯಾಗಿಯೇ ಇವೆ.

ಕೊನೆಯ ಪ್ರಶ್ನೆ ಒಂದಿದೆ: ನಾಯಿಯ ಕೋಶದಲ್ಲಿ ಅಳೆದದ್ದು ಮನುಷ್ಯನ ಮೂಗಿಗೆ ಎಷ್ಟು ಅನ್ವಯಿಸುತ್ತದೆ? ಎಂಡಿಸಿಕೆ ಕೋಶಗಳ ಮೇಲ್ಮೈಯಲ್ಲಿ ಮನುಷ್ಯರ ವೈರಸ್ ಬಯಸುವ ಸಿಯಾಲಿಕ್ ಜೋಡಣೆಯನ್ನು ಹೆಚ್ಚಿಸಿದ ಎಂಡಿಸಿಕೆ-ಸಿಯಾಟ್1 ಎಂಬ ವಂಶವನ್ನು 2003ರಲ್ಲಿ ರೂಪಿಸಿದ್ದು ಈ ಅಂತರವನ್ನು ಕಡಿಮೆ ಮಾಡುವುದಕ್ಕಾಗಿಯೇ. ಮನುಷ್ಯರ ಮೇಲೆಯೇ ನೇರವಾಗಿ ಅಳೆದ ಪ್ರಯೋಗಗಳೂ ನಡೆದಿವೆ. 1966ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಂಥ ಒಂದು ಅಧ್ಯಯನದಲ್ಲಿ, ಸ್ವಯಂಸೇವಕರಿಗೆ ವೈರಸ್ಸನ್ನು ಅತಿ ಸೂಕ್ಷ್ಮ ಹನಿಗಳಾಗಿ ಉಸಿರಿನೊಡನೆ ಒಳಕ್ಕೆಳೆಯಲು ಕೊಟ್ಟಾಗ, ಅರ್ಧದಷ್ಟು ಜನರಿಗೆ ಸೋಂಕು ತಗುಲಲು 0.6ರಿಂದ 3 ಟಿಸಿಐಡಿ50 ಸಾಕಾಯಿತು. ಅದೇ ಕಾಲದ ಇತರ ಪ್ರಯೋಗಗಳಲ್ಲಿ ಮೂಗಿಗೆ ಹನಿಯಾಗಿ ಬಿಟ್ಟಾಗ ನೂರಕ್ಕೂ ಹೆಚ್ಚು ಬೇಕಾಯಿತು. ತಟ್ಟೆಯಲ್ಲಿ ಒಂದೇ ಎನಿಸಿದ ಘಟಕ ಶ್ವಾಸಕೋಶದ ಆಳಕ್ಕೆ ಇಳಿದಾಗಲೂ ಮೂಗಿನ ಲೋಳೆಯಲ್ಲಿ ಸಿಕ್ಕಿಕೊಂಡಾಗಲೂ ಒಂದೇ ಬೆಲೆಯದಲ್ಲ. ಆದ್ದರಿಂದ ಟಿಸಿಐಡಿ50 ಎಷ್ಟು ಎಂದು ಬರೆಯುವಾಗ ಯಾವ ಕೋಶದಲ್ಲಿ ಅಳೆದದ್ದು, ಯಾವ ದಾರಿಯಿಂದ ಕೊಟ್ಟದ್ದು ಎಂಬುದನ್ನೂ ಜೊತೆಗೇ ನಮೂದಿಸುವುದು ಪ್ರಯೋಗಾಲಯದ ಪದ್ಧತಿ.